ಎರಡು ಲೀಟರ್ 50 ಎಂಎಲ್ ಅಂದರೆ ಎಷ್ಟು?

ನಾಲ್ಕನೇ ಕ್ಲಾಸಿನ ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದೆ. 2 ಲೀಟರ್ 50 ಮಿಲಿಲೀಟರ್ ಅಂದರೆ ಒಟ್ಟು ಎಷ್ಟು ಮಿಲಿಲೀಟರ್ ಅನ್ನುವುದು ಪ್ರಶ್ನೆ. ಅರ್ಧದಷ್ಟು ಮಕ್ಕಳು 250 ಅಂತ ಬರೆದಿದ್ದರು. ಅವರಲ್ಲಿ ಒಬ್ಬಳನ್ನು ಹತ್ತಿರ ಕರೆದೆ.

"ನಿಮ್ಮನೆಗೆ ದಿನಾ ಎಷ್ಟು ಹಾಲು ತರ್ತೀರಮ್ಮ?"

"ಎರಡು ಪಾಕೆಟ್ ಮಿಸ್. ಅರ್ಧ ಲೀಟರಿಂದು."

"ಒಂದು ಪಾಕೆಟಲ್ಲಿ ಎಷ್ಟು ಎಂಎಲ್ ಇರುತ್ತೆ?"

"ಐನೂರು." ತಟ್ಟನೆ ಹೇಳಿದಳು.

"ಸರಿ. ನೀನು ಬರ್ದಿರೋ 250 ಅದಕ್ಕಿಂತ ಜಾಸ್ತಿನಾ, ಕಮ್ಮಿನಾ?"

ಪುಸ್ತಕ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಎರಡು ಲೀಟರಿಗಿಂತ ಜಾಸ್ತಿ ಇರಬೇಕಾದ ನೀರು ಅವಳ ಪುಸ್ತಕದಲ್ಲಿ ಅರ್ಧ ಪಾಕೆಟ್ ಹಾಲಿನಷ್ಟಾಗಿತ್ತು.

ಈ ಹುಡುಗಿಗೆ ಒಂದು ಲೀಟರಿಗೆ ಸಾವಿರ ಮಿಲಿಲೀಟರ್ ಅಂತ ಬಾಯಿಪಾಠ ಬರುತ್ತದೆ. ಹಾಲಿನ ಪಾಕೆಟ್ ಕೈಯಲ್ಲಿ ಹಿಡಿದು ದಿನಾ ಬೆಳಗ್ಗೆ ಅಂಗಡಿಯಿಂದ ನಡೆದೂ ಬರುತ್ತಾಳೆ. ಎರಡೂ ಗೊತ್ತು. ಆದರೆ ಅವೆರಡು ಅವಳ ತಲೆಯಲ್ಲಿ ಒಂದನ್ನೊಂದು ಇನ್ನೂ ಭೇಟಿಯಾಗಿಲ್ಲ. ದ್ರವದ ಅಳತೆ ಕಲಿಸುವಾಗ ನಮ್ಮ ಕೆಲಸವೆಲ್ಲ ಇಲ್ಲೇ ಇದೆ ಅಂತ ನನ್ನ ನಂಬಿಕೆ. ಕೈ ಮೊದಲು ಸುರಿದು ನೋಡಬೇಕು, ಪೆನ್ಸಿಲ್ ಆಮೇಲೆ ಬರೆಯಬೇಕು.

ಎತ್ತರದ ಲೋಟ, ಅಗಲದ ಬಟ್ಟಲು

ಶುರು ಮಾಡುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಒಂದೇ ಥರದ ಎರಡು ಲೋಟಕ್ಕೆ ಸಮನಾಗಿ ನೀರು ಹಾಕಿ. ಎರಡೂ ಒಂದೇ ಅಲ್ವಾ ಅಂತ ಮಗುವನ್ನು ಕೇಳಿ. ಹೌದು ಅನ್ನುತ್ತದೆ. ಈಗ ಅದರ ಕಣ್ಣೆದುರೇ ಒಂದು ಲೋಟದ ನೀರನ್ನು ಎತ್ತರದ, ಸಣ್ಣ ಬಾಯಿಯ ಲೋಟಕ್ಕೆ ಸುರಿಯಿರಿ. ಈಗ ಯಾವುದರಲ್ಲಿ ಜಾಸ್ತಿ ಇದೆ ಅಂತ ಕೇಳಿ. ಐದಾರು ವರ್ಷದ ಮಗು ಸಾಮಾನ್ಯವಾಗಿ ಎತ್ತರದ ಲೋಟ ತೋರಿಸುತ್ತದೆ. ಒಂದು ಹನಿಯೂ ಸೇರಿಸಿಲ್ಲ ಅನ್ನುವುದನ್ನು ನೋಡಿದ್ದರೂ ತೋರಿಸುತ್ತದೆ!

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಇಂಥ ಪ್ರಯೋಗಗಳಿಂದ ಹೆಸರಾದವರು. ಡಿ.ಎಡ್., ಬಿ.ಎಡ್. ಓದಿದವರೆಲ್ಲ ಪರೀಕ್ಷೆಗಾಗಿ ಅವರನ್ನು ಓದಿರುತ್ತಾರೆ. ಪಾತ್ರೆ ಬದಲಾದರೂ ನೀರು ಅಷ್ಟೇ ಇರುತ್ತದೆ ಅನ್ನುವ ತಿಳಿವಳಿಕೆ ಮಕ್ಕಳಿಗೆ ಸುಮಾರು ಏಳು ವರ್ಷದ ಹೊತ್ತಿಗೆ ಬರುತ್ತದೆ ಅಂತ ಅವರು ಹೇಳಿದರು. ವಯಸ್ಸು ಮಗುವಿನಿಂದ ಮಗುವಿಗೆ ಹಿಂದೆ ಮುಂದೆ ಆಗುತ್ತದೆ. ಆದರೆ ಈ ತಿಳಿವಳಿಕೆ ಬರದೆ ಮಿಲಿಲೀಟರ್ ಕಲಿಸಿದರೆ ಏನೂ ಉಪಯೋಗವಿಲ್ಲ. ಲೋಟ ಬದಲಾದರೆ ನೀರೇ ಬದಲಾಗುತ್ತದೆ ಅಂದುಕೊಂಡ ಮಗುವಿಗೆ 200 ಮಿ.ಲೀ. ಅನ್ನುವ ಮಾತಿಗೆ ಅರ್ಥವೇ ಇರುವುದಿಲ್ಲ.

ಹಾಗಾಗಿ ಮೊದಲ ಕೆಲವು ದಿನ ಸಂಖ್ಯೆಯೇ ಬೇಡ. ಚೊಂಬು, ಲೋಟ, ಸ್ಟೀಲ್ ಡಬ್ಬಿ, ಮಗ್ಗು, ಖಾಲಿ ಬಾಟಲಿ ತಂದು ಅಂಗಳದಲ್ಲಿ ಕೂರಿಸಿ. ಯಾವುದು ಜಾಸ್ತಿ ಹಿಡಿಸುತ್ತದೆ ಅಂತ ಮೊದಲು ಊಹೆ ಮಾಡಿಸಿ. ಆಮೇಲೆ ಒಂದರಿಂದ ಒಂದಕ್ಕೆ ಸುರಿಸಿ ನೋಡಿಸಿ. ಬಟ್ಟೆ ಒದ್ದೆಯಾಗುತ್ತದೆ, ಆಗಲಿ. ನಮ್ಮ ಅಂಗಳದಲ್ಲಿ ಒಂದು ಗಿಡ್ಡ ಕುಕ್ಕರ್ ಡಬ್ಬಿ ಎತ್ತರದ ಬಾಟಲಿಯನ್ನು ಸೋಲಿಸಿದಾಗ ಮಕ್ಕಳು ನಂಬಲಿಲ್ಲ. ಮೂರು ಸಲ ಸುರಿದು ನೋಡಿದರು.

ಆಮೇಲೆ ಲೋಟದಲ್ಲಿ ಎಣಿಸುವ ಆಟ. ಈ ಬಕೆಟ್‌ಗೆ ಎಷ್ಟು ಲೋಟ ನೀರು ಬೇಕು? ಒಂದು ಗುಂಪು 40 ಅನ್ನುತ್ತದೆ, ಇನ್ನೊಂದು ಗುಂಪು 62 ಅನ್ನುತ್ತದೆ. ಬಕೆಟ್ ಅದೇ. ಜಗಳ ಶುರುವಾಗುತ್ತದೆ. ಲೋಟ ಬೇರೆ ಬೇರೆ ಅಂತ ಯಾರೋ ಒಬ್ಬ ಕೂಗುತ್ತಾನೆ. ಲೀಟರ್ ಯಾಕೆ ಬೇಕಾಯಿತು ಅಂತ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ನಮ್ಮ ದೊಡ್ಡವರ ಜಗಳವೂ ಇದೇ ಆಗಿತ್ತು. ಪಾವು, ಅಚ್ಚೇರು, ಸೇರು, ಬಳ್ಳ, ಕೊಳಗ ಅಂತ ನಮ್ಮ ಊರುಗಳಲ್ಲಿ ಅಳತೆಗೆ ಕೊರತೆ ಇರಲಿಲ್ಲ. ನಾಲ್ಕು ಪಾವಿಗೆ ಒಂದು ಸೇರು ಅನ್ನುವುದೇನೋ ಗೊತ್ತಿತ್ತು. ಆದರೆ ಈ ಊರಿನ ಸೇರೇ ಆ ಊರಿನ ಸೇರಾಗಿರಲಿಲ್ಲ. ಫ್ರಾನ್ಸಿನಲ್ಲಿಯೂ ಇದೇ ಗೋಳಿತ್ತು. ಅವರು 1795ರಲ್ಲಿ ಲೀಟರನ್ನು ಕಾನೂನಿಗೆ ತಂದರು. ನಮ್ಮ ದೇಶದಲ್ಲಿ 1956ರಲ್ಲಿ ತೂಕ ಮತ್ತು ಅಳತೆಯ ಕಾಯ್ದೆ ಆಯಿತು. 1958ರಿಂದ ಹಂತ ಹಂತವಾಗಿ ಮೆಟ್ರಿಕ್ ಅಳತೆ ಬಳಕೆಗೆ ಬಂತು. ಮನೆಯಲ್ಲಿ ಅಕ್ಕಿ ಅಳೆಯುವ ಪಾವು ಇದ್ದರೆ ಮಕ್ಕಳಿಂದ ಶಾಲೆಗೆ ತರಿಸಿ. ಅದಕ್ಕೆ ನೀರು ತುಂಬಿ ಎಷ್ಟು ಮಿ.ಲೀ. ಅಂತ ಅಳೆಸಿ. ನಾಲ್ಕು ಮನೆಯ ಪಾವು ಇಟ್ಟುಕೊಂಡು ಅಳೆದರೆ ಪಾಠ ತಾನಾಗಿಯೇ ಆಗುತ್ತದೆ.

ಬಾಟಲಿಗೆ ಗೀಟು ಹಾಕುವ ಕೆಲಸ

ಅಂಗಡಿಯ ಅಳತೆ ಜಾಡಿ ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲು ಮಕ್ಕಳೇ ಒಂದನ್ನು ಮಾಡಲಿ. ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಸಾಕು. ಪಕ್ಕದಲ್ಲಿ ಉದ್ದಕ್ಕೆ ಒಂದು ಬಿಳಿ ಕಾಗದದ ಪಟ್ಟಿ ಅಂಟಿಸಿ, ಮೇಲೆ ಟೇಪು ಹಾಕಿ. ಔಷಧಿ ಬಾಟಲಿಯ ಜೊತೆ ಬರುವ 10 ಮಿ.ಲೀ.ನ ಅಳತೆ ಮುಚ್ಚಳದಲ್ಲಿ ಹತ್ತು ಸಲ ನೀರು ಹಾಕಿದರೆ 100 ಮಿ.ಲೀ. ಅಲ್ಲಿಗೊಂದು ಗೀಟು. ಆ ನೀರನ್ನು ಒಂದು ಸಣ್ಣ ಲೋಟಕ್ಕೆ ಹುಯ್ದು ಅಲ್ಲೂ ಒಂದು ಗುರುತು ಮಾಡಿಕೊಂಡರೆ, ಮುಂದಿನ ನೂರು ನೂರನ್ನು ಆ ಲೋಟದಲ್ಲೇ ಸುರಿಯಬಹುದು. ಪ್ರತಿ ಸಲ ಒಂದು ಗೀಟು. 100, 200, 300.

ಗೀಟು ಹಾಕುತ್ತಾ ಹೋದ ಹಾಗೆ ಮಕ್ಕಳು ಏನು ನೋಡುತ್ತಾರೆ ಅನ್ನುವುದನ್ನು ಗಮನಿಸಿ. ಬಾಟಲಿಯ ತಳ ಒಳಕ್ಕೆ ಉಬ್ಬಿರುತ್ತದೆ. ಹಾಗಾಗಿ ಮೊದಲ ಗೀಟು ಅಂದುಕೊಂಡದ್ದಕ್ಕಿಂತ ಮೇಲೆ ಬೀಳುತ್ತದೆ. ನಡುವೆ ಬಾಟಲಿ ಒಂದೇ ಅಗಲ ಇರುವ ಕಡೆ ಗೀಟುಗಳು ಸಮಸಮ ದೂರದಲ್ಲಿ ಬರುತ್ತವೆ. ಕುತ್ತಿಗೆಯ ಹತ್ತಿರ ಬಾಟಲಿ ಸಣ್ಣಗಾದ ಕೂಡಲೇ ಗೀಟುಗಳು ದೂರ ದೂರ ಸರಿಯುತ್ತವೆ. ಅಷ್ಟೇ ನೀರು, ಯಾಕೆ ಇಷ್ಟು ಮೇಲೆ ಹೋಯಿತು? ಎತ್ತರದ ಲೋಟದ ಪಾಠವೇ ಇನ್ನೊಂದು ಸಲ, ಈ ಸಲ ಸಂಖ್ಯೆಯ ಜೊತೆ ಬಂತು. ಸ್ಕೇಲಿನಲ್ಲಿ ಹತ್ತು ಸಮ ಭಾಗ ಮಾಡಿ ಗೀಟು ಎಳೆದಿದ್ದರೆ ತಪ್ಪಾಗುತ್ತಿತ್ತು ಅಂತ ಮಕ್ಕಳೇ ಹೇಳುತ್ತಾರೆ.

ಹತ್ತನೇ ಗೀಟು ಬಿದ್ದ ಮೇಲೂ ಬಾಟಲಿಯ ಬಾಯಿಯವರೆಗೆ ಸ್ವಲ್ಪ ಜಾಗ ಉಳಿಯುತ್ತದೆ. "ಮಿಸ್, ಇದು ಒಂದು ಲೀಟರಿನ ಬಾಟಲಿ ಅಲ್ವಾ?" ಅಂತ ಕೇಳಿಯೇ ಕೇಳುತ್ತಾರೆ. ಬಾಟಲಿ ಎಷ್ಟು ಹಿಡಿಸುತ್ತದೆ ಅನ್ನುವುದು ಬೇರೆ, ಅದರಲ್ಲಿ ಎಷ್ಟು ಇದೆ ಅನ್ನುವುದು ಬೇರೆ. ಲೇಬಲ್ ಮೇಲಿನ ಒಂದು ಲೀಟರ್ ಅನ್ನುವುದು ಒಳಗಿದ್ದ ನೀರಿನ ಲೆಕ್ಕ. ಇವೆರಡನ್ನು ದೊಡ್ಡವರೇ ಎಷ್ಟೋ ಸಲ ಕಲಸಿಕೊಳ್ಳುತ್ತಾರೆ.

ಅಳತೆ ಓದುವ ರೀತಿಯನ್ನೂ ಇಲ್ಲೇ ರೂಢಿ ಮಾಡಿಸಿ. ಬಾಟಲಿಯನ್ನು ಕೈಯಲ್ಲಿ ಎತ್ತಿ ಹಿಡಿಯಬಾರದು, ಸಮನಾದ ಜಾಗದಲ್ಲಿ ಇಡಬೇಕು. ಬಗ್ಗಿ ಕಣ್ಣನ್ನು ನೀರಿನ ಮಟ್ಟಕ್ಕೆ ತರಬೇಕು. ಸಣ್ಣ ಕೊಳವೆಯಲ್ಲಾದರೆ ನೀರು ಅಂಚಿನಲ್ಲಿ ಗಾಜಿಗೆ ಅಂಟಿ ಮೇಲೇರಿ, ನಡುವೆ ತಗ್ಗಿರುತ್ತದೆ. ಆ ತಗ್ಗಿನ ತಳವನ್ನೇ ಓದಬೇಕು. ಮೇಲಿನಿಂದ ಬಗ್ಗಿ ನೋಡಿದವನಿಗೆ ಒಂದು ಸಂಖ್ಯೆ, ನೆಲದ ಮೇಲೆ ಕೂತು ನೋಡಿದವನಿಗೆ ಇನ್ನೊಂದು ಸಂಖ್ಯೆ ಬರುತ್ತದೆ. ಇಬ್ಬರನ್ನೂ ನಿಲ್ಲಿಸಿ ಓದಿಸಿ, ಬೇಗ ಅರ್ಥವಾಗುತ್ತದೆ.

ಮೂರು ಮನೆ

ಈಗ ಆ 250ಕ್ಕೆ ಬರೋಣ. ಎರಡು ಲೀಟರಿನ 2, ಪಕ್ಕದಲ್ಲಿ ಐವತ್ತರ 50, ಅಂಟಿಸಿದರೆ 250. ಮಗುವಿನ ಕಣ್ಣಿಗೆ ಇದು ಸರಿಯಾಗಿಯೇ ಕಾಣುತ್ತದೆ. 2 ಲೀಟರ್ 350 ಇದ್ದಾಗ ಹೀಗೆ ಅಂಟಿಸಿಯೇ 2350 ಅನ್ನುವ ಸರಿಯಾದ ಉತ್ತರ ಬಂದಿರುತ್ತದೆ. ಬರೀ ದೊಡ್ಡ ಸಂಖ್ಯೆಗಳನ್ನೇ ಕೊಟ್ಟು ಲೆಕ್ಕ ಮಾಡಿಸಿದರೆ ಈ ತಪ್ಪು ವರ್ಷಗಟ್ಟಲೆ ಹೊರಗೇ ಬರುವುದಿಲ್ಲ. ಬೇಕು ಅಂತಲೇ 50, 5, 75 ಕೊಡಿ.

ಸರಿಪಡಿಸಲು ನಾನು ಮನೆ ಬರೆಯುತ್ತೇನೆ. ಎಡಗಡೆ ಲೀಟರಿಗೆ ಜಾಗ. ಒಂದು ಉದ್ದ ಗೀಟು. ಬಲಗಡೆ ಮಿಲಿಲೀಟರಿಗೆ ಮೂರು ಮನೆ. ಯಾಕೆ ಮೂರು? 999ರವರೆಗೆ ಅಲ್ಲಿ ಕೂರಬಹುದು, ಇನ್ನೊಂದು ಸೇರಿದರೆ ಸಾವಿರವಾಗಿ ಗೀಟು ದಾಟಿ ಲೀಟರಾಗುತ್ತದೆ. ಮೂರು ಮನೆಯೂ ತುಂಬಿರಲೇಬೇಕು. ಯಾರೂ ಇಲ್ಲದ ಮನೆಗೆ ಸೊನ್ನೆ. ಐವತ್ತು ಬಂದರೆ 050. ಐದು ಬಂದರೆ 005. ಈಗ 2 ಲೀಟರ್ 50 ಮಿ.ಲೀ. ಅಂದರೆ 2050. 3 ಲೀಟರ್ 5 ಮಿ.ಲೀ. ಅಂದರೆ 3005.

ಮುಂದೆ ದಶಾಂಶ ಬಂದಾಗ ಆ ಉದ್ದ ಗೀಟೇ ಬಿಂದುವಾಗುತ್ತದೆ. 2.050 ಲೀಟರ್. ಒಂದೂವರೆ ಲೀಟರನ್ನು 1.5 ಅಂತ ಬರೆದರೆ ಎಷ್ಟೋ ಮಕ್ಕಳು ಅದನ್ನು ಒಂದು ಲೀಟರ್ ಐದು ಎಂಎಲ್ ಅಂತ ಓದುತ್ತಾರೆ. ಮೂರು ಮನೆ ಗೊತ್ತಿದ್ದ ಮಗು ಬಲಗಡೆಯ ಖಾಲಿ ಮನೆಗಳಿಗೆ ಸೊನ್ನೆ ತುಂಬಿ 1.500 ಮಾಡಿಕೊಳ್ಳುತ್ತದೆ, ಸಾವಿರದ ಐನೂರು ಅನ್ನುತ್ತದೆ. ಒಂದು ವಿಷಯ ಮಾತ್ರ ಬಿಡಿಸಿ ಹೇಳಬೇಕು. 50 ಮಿ.ಲೀ. ಅಂದಾಗ ಸೊನ್ನೆ ಎಡಗಡೆ ಸೇರುತ್ತದೆ. ಬಿಂದು ಆದಮೇಲೆ 5 ಇದ್ದಾಗ ಸೊನ್ನೆ ಬಲಗಡೆ ಸೇರುತ್ತದೆ. ಇಲ್ಲಿ ಆತುರ ಬೇಡ. ಎರಡನ್ನೂ ಪಕ್ಕಪಕ್ಕ ಬರೆದು, ಎರಡನ್ನೂ ಗೀಟು ಹಾಕಿದ ಬಾಟಲಿಯಲ್ಲಿ ಸುರಿಸಿ ತೋರಿಸಿ. ಒಂದು ಅರ್ಧ ಬಾಟಲಿ, ಇನ್ನೊಂದು ತಳ ನೆನೆಯುವಷ್ಟು ಮಾತ್ರ.

ಇನ್ನೊಂದು ಸಣ್ಣ ತೊಡಕು ಪಾಕೆಟ್ ಮೇಲಿನ ಬರಹದ್ದು. ಲೀಟರಿಗೆ ಇಂಗ್ಲಿಷಿನ ಸಣ್ಣ ಎಲ್ ಅಕ್ಷರ ಹಾಕಿದರೆ ಅದು ನೋಡಲು ಒಂದರ ಥರವೇ ಇರುತ್ತದೆ. ಮಕ್ಕಳು 1 ಲೀಟರನ್ನು 11 ಅಂತ ಓದಿದ್ದನ್ನು ಕೇಳಿದ್ದೇನೆ. ಈ ಗೊಂದಲಕ್ಕೇ 1979ರಲ್ಲಿ ಅಂತರರಾಷ್ಟ್ರೀಯ ಅಳತೆ ಸಮ್ಮೇಳನ ದೊಡ್ಡ ಎಲ್ ಬರೆಯುವುದಕ್ಕೂ ಒಪ್ಪಿಗೆ ಕೊಟ್ಟಿತು. ಕರಿಹಲಗೆ ಮೇಲೆ ದೊಡ್ಡದನ್ನೇ ಬರೆಯುವುದು ಒಳ್ಳೆಯದು.

ಕೂಡಿಸುವುದು ಕಷ್ಟವಿಲ್ಲ. 2 ಲೀಟರ್ 750 ಮತ್ತು 1 ಲೀಟರ್ 600. ಮಿಲಿಲೀಟರ್ ಮನೆಯಲ್ಲಿ 1350 ಆಯಿತು. ಸಾವಿರ ಗೀಟು ದಾಟಿತು, 350 ಉಳಿಯಿತು. ಉತ್ತರ 4 ಲೀಟರ್ 350. ಕಳೆಯುವುದರಲ್ಲಿ ಮಕ್ಕಳು ಎಡವುತ್ತಾರೆ. 5 ಲೀಟರ್ 200ರಲ್ಲಿ 2 ಲೀಟರ್ 450 ಕಳೆಯಬೇಕು. 200ರಲ್ಲಿ 450 ಹೋಗುವುದಿಲ್ಲ. ಒಂದು ಲೀಟರನ್ನು ಚಿಲ್ಲರೆ ಮಾಡಿಸಬೇಕು. ಹತ್ತಾಗಿ ಅಲ್ಲ, ನೂರಾಗಿ ಅಲ್ಲ, ಸಾವಿರವಾಗಿ. ಆಗ 4 ಲೀಟರ್ 1200. ಉತ್ತರ 2 ಲೀಟರ್ 750. ಇದೇ ಲೆಕ್ಕವನ್ನು ಅಂಗಡಿಯವರ ಹಾಗೆ ಮುಂದಕ್ಕೆ ಎಣಿಸಿಯೂ ಮಾಡಬಹುದು. 2 ಲೀಟರ್ 450ರಿಂದ 3 ಲೀಟರಿಗೆ 550 ಬೇಕು. ಅಲ್ಲಿಂದ 5 ಲೀಟರ್ 200ಕ್ಕೆ 2 ಲೀಟರ್ 200. ಒಟ್ಟು 2 ಲೀಟರ್ 750. ನನಗೆ ಈ ದಾರಿಯೇ ಇಷ್ಟ. ಬಾಟಲಿ ತುಂಬುವುದು ಕಣ್ಣಿಗೆ ಕಾಣುತ್ತದೆ.

ಡೆಸಿಲೀಟರ್, ಡೆಕಾಲೀಟರ್, ಹೆಕ್ಟೋಲೀಟರ್ ಅಂತ ಏಣಿಯ ಹಾಗೆ ಬಾಯಿಪಾಠ ಮಾಡಿಸುವುದಕ್ಕೆ ಜಾಸ್ತಿ ಹೊತ್ತು ಕೊಡಬೇಡಿ. ದಿನದ ಬದುಕಿನಲ್ಲಿ ಬೇಕಾಗುವುದು ಮಿಲಿಲೀಟರ್, ಲೀಟರ್, ಕಿಲೋಲೀಟರ್. ಡೆಸಿಲೀಟರ್ ಒಂದು ಕಡೆ ಸಿಗುತ್ತದೆ. ಅಜ್ಜನ ಸಕ್ಕರೆ ಕಾಯಿಲೆಯ ರಿಪೋರ್ಟಿನಲ್ಲಿ ಸಕ್ಕರೆ ಇಷ್ಟು ಅಂತ ಬರೆದಿರುವುದು ಒಂದು ಡೆಸಿಲೀಟರ್, ಅಂದರೆ 100 ಮಿ.ಲೀ. ರಕ್ತದ ಲೆಕ್ಕಕ್ಕೆ. ಮುಂದಿನ ಸಲ ರಿಪೋರ್ಟ್ ಬಂದಾಗ ಮಗುವಿಗೆ ತೋರಿಸಿ.

ಹಾಲು, ಎಣ್ಣೆ, ಔಷಧಿ

ಲೆಕ್ಕಕ್ಕೆ ವಿಷಯ ಹುಡುಕಿಕೊಂಡು ಎಲ್ಲೂ ಹೋಗಬೇಕಿಲ್ಲ. 2024ರ ಜೂನ್ ಕೊನೆಯಲ್ಲಿ ನಂದಿನಿ ಹಾಲಿನ ಅರ್ಧ ಲೀಟರ್ ಪಾಕೆಟ್ 550 ಮಿ.ಲೀ. ಆಯಿತು, ಒಂದು ಲೀಟರಿನದು 1050 ಆಯಿತು. ಬೆಲೆ ಎರಡು ರೂಪಾಯಿ ಏರಿತು. ನೀಲಿ ಪಾಕೆಟ್ ಅರ್ಧ ಲೀಟರಿಗೆ 22 ರೂಪಾಯಿ ಇದ್ದದ್ದು 550ಕ್ಕೆ 24 ಆಯಿತು. ಹಾಲಿನ ಬೆಲೆ ಏರಿತಾ? ಐದನೇ ಕ್ಲಾಸಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. 100 ಮಿ.ಲೀ.ಗೆ ಎಷ್ಟು ಅಂತ ನೋಡಬೇಕು. ಮೊದಲು 4 ರೂಪಾಯಿ 40 ಪೈಸೆ. ಆಮೇಲೆ 24ನ್ನು 550ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 4 ರೂಪಾಯಿ 36 ಪೈಸೆ. ಹಾಲಿನ ದರ ಹೆಚ್ಚುಕಮ್ಮಿ ಅಲ್ಲೇ ಇತ್ತು, ಮನೆಯವರ ಕೈಯಿಂದ ಹೋಗುವ ದುಡ್ಡು ಮಾತ್ರ ಎರಡು ರೂಪಾಯಿ ಜಾಸ್ತಿ ಆಗಿತ್ತು. 2025ರ ಏಪ್ರಿಲ್‌ನಲ್ಲಿ ಪಾಕೆಟ್ ಮತ್ತೆ 500 ಮತ್ತು 1000ಕ್ಕೆ ಬಂತು, ದರವೂ ಏರಿತು. ಅದನ್ನು ಮಕ್ಕಳೇ ಲೆಕ್ಕ ಹಾಕಲಿ.

ಅಡುಗೆ ಎಣ್ಣೆಯ ಪಾಕೆಟ್ ಮೇಲೆ ಒಂದು ಲೀಟರ್ ಅಂತಲೂ, ಪಕ್ಕದಲ್ಲೇ 910 ಗ್ರಾಂ ಅಂತಲೂ ಇರುತ್ತದೆ. ಒಂದು ಲೀಟರ್ ಅಂದರೆ ಒಂದು ಕೆ.ಜಿ. ಅಂದುಕೊಂಡ ಮಗುವಿಗೆ ಇದು ಗೊಂದಲ. ನೀರಿಗೆ ಮಾತ್ರ ಆ ಲೆಕ್ಕ ಸರಿ ಹೊಂದುತ್ತದೆ, ಒಂದು ಲೀಟರ್ ನೀರು ಹತ್ತಿರಹತ್ತಿರ ಒಂದು ಕೆ.ಜಿ. ಎಣ್ಣೆ ಅದಕ್ಕಿಂತ ಹಗುರ, ಅದಕ್ಕೇ ನೀರಿನ ಮೇಲೆ ತೇಲುತ್ತದೆ. ಹಾಲು ಸ್ವಲ್ಪ ಭಾರ, ಲೀಟರಿಗೆ ಸುಮಾರು 1 ಕೆ.ಜಿ. 30 ಗ್ರಾಂ. ಲೀಟರ್ ಅನ್ನುವುದು ಜಾಗದ ಅಳತೆ, ಕೆ.ಜಿ. ಅನ್ನುವುದು ತೂಕದ ಅಳತೆ. ಉದ್ದ, ಅಗಲ, ಎತ್ತರ ಮೂರೂ 10 ಸೆಂ.ಮೀ. ಇರುವ ಪೆಟ್ಟಿಗೆಯನ್ನು ರಟ್ಟಿನಲ್ಲಿ ಮಾಡಿ, ಒಳಗೆ ಪ್ಲಾಸ್ಟಿಕ್ ಕವರ್ ಹಾಕಿ ಒಂದು ಲೀಟರ್ ನೀರು ಹುಯ್ಯಿರಿ. ಬಾಯಿಯವರೆಗೆ ಸರಿಯಾಗಿ ತುಂಬುತ್ತದೆ. ಹಾಗಾಗಿ ಒಂದು ಸೆಂ.ಮೀ. ಉದ್ದ ಅಗಲ ಎತ್ತರದ ಪುಟ್ಟ ಚೌಕ ಪೆಟ್ಟಿಗೆಯಷ್ಟು ಜಾಗವೇ ಒಂದು ಮಿಲಿಲೀಟರ್. ಇಂಜೆಕ್ಷನ್ ಹಾಕುವಾಗ ಸಿಸಿ ಅನ್ನುವುದೂ ಇದನ್ನೇ.

ಔಷಧಿಯ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಮನೆಯ ಚಮಚಗಳೆಲ್ಲ ಒಂದೊಂದು ಅಳತೆ. 5 ಮಿ.ಲೀ. ಅಂದರೆ ಅಳತೆ ಮುಚ್ಚಳದಲ್ಲೇ ಹಾಕಬೇಕು. ಮಕ್ಕಳ ಜ್ವರದ ಸಿರಪ್ 5 ಮಿ.ಲೀ.ಗೆ 125 ಮಿಲಿಗ್ರಾಂ ಔಷಧಿ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಅಳತೆ ಒಂದೇ, ಔಷಧಿ ಎರಡರಷ್ಟು. ಓಆರ್‌ಎಸ್ ಪುಡಿಯ ಪಾಕೆಟ್ ಒಂದು ಲೀಟರಿನದೂ ಇದೆ, 200 ಮಿ.ಲೀ.ನದೂ ಇದೆ. ಲೀಟರಿನ ಪಾಕೆಟನ್ನು ಒಂದು ಲೋಟ ನೀರಿಗೆ ಹಾಕಿದರೆ ಉಪ್ಪು ಐದರಷ್ಟು ಗಟ್ಟಿಯಾಗುತ್ತದೆ. ಭೇದಿಯಾಗಿ ಸುಸ್ತಾದ ಮಗುವಿಗೆ ಅದು ಅಪಾಯ. ಅಳತೆ ಕಲಿತ ಹತ್ತು ವರ್ಷದ ಅಕ್ಕ ಮನೆಯಲ್ಲಿದ್ದರೆ ಪಾಕೆಟ್ ಹಿಂದೆ ಬರೆದದ್ದನ್ನು ಓದಿ ಹೇಳುತ್ತಾಳೆ. ಈ ಪಾಠವನ್ನು ನಾನು ಸುಮ್ನೆ ಸಿಲಬಸ್ ಅಂತ ನೋಡದಿರುವುದಕ್ಕೆ ಇದೇ ಕಾರಣ.

ದೊಡ್ಡ ಅಳತೆಗೆ ಮಳೆ ಒಳ್ಳೆಯದು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ನಿಂತರೆ ಅದು ಸರಿಯಾಗಿ ಒಂದು ಲೀಟರ್. 30-40 ಸೈಟಿನ ವಿಸ್ತೀರ್ಣ ಸುಮಾರು 111 ಚದರ ಮೀಟರ್. 10 ಮಿ.ಮೀ. ಮಳೆ ಬಂದರೆ ಅಷ್ಟು ಜಾಗದ ಮೇಲೆ ಬೀಳುವ ನೀರು 1110 ಲೀಟರ್, ಅಂದರೆ ಮಹಡಿ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕು ತುಂಬಿ ಚೆಲ್ಲುತ್ತದೆ. ಸಾವಿರ ಲೀಟರಿಗೆ ಒಂದು ಕಿಲೋಲೀಟರ್. ಬೆಂಗಳೂರಿನ ನೀರಿನ ಬಿಲ್ ಬರುವುದು ಈ ಲೆಕ್ಕದಲ್ಲೇ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಔಷಧಿಯ ಮುಚ್ಚಳ ಹಿಡಿಸಿ. ನಮ್ಮ ಶಾಲೆಯ ನಲ್ಲಿಯಲ್ಲಿ ಒಂದು ನಿಮಿಷಕ್ಕೆ 5 ಮಿ.ಲೀ. ಬಂತು. ದಿನಕ್ಕೆ 1440 ನಿಮಿಷ. 7 ಲೀಟರ್ 200 ಮಿ.ಲೀ. ಆ ಸಂಖ್ಯೆ ಕರಿಹಲಗೆ ಮೇಲೆ ಬಂದ ಮಾರನೇ ದಿನ ಒಬ್ಬ ಹುಡುಗ ತನ್ನ ತಂದೆಯನ್ನು ಕರೆದುಕೊಂಡು ಬಂದು ವಾಷರ್ ಹಾಕಿಸಿದ.

ಇನ್ನು ಕ್ಷೀರಭಾಗ್ಯದ ಹಾಲು. ಸರ್ಕಾರಿ ಶಾಲೆಗಳಲ್ಲಿ 2013ರಿಂದ ನಡೆಯುತ್ತಿರುವ ಈ ಯೋಜನೆಯಲ್ಲಿ ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿ.ಲೀ. ಹಾಲು. ಗುಣಾಕಾರಕ್ಕೆ ಬೇರೆ ಉದಾಹರಣೆ ಯಾಕೆ ಬೇಕು? 60 ಮಕ್ಕಳಿಗೆ 9000 ಮಿ.ಲೀ., ಅಂದರೆ 9 ಲೀಟರ್. ಪುಡಿ 1 ಕೆ.ಜಿ. 80 ಗ್ರಾಂ. ಭಾಗಾಕಾರಕ್ಕೆ ಉಲ್ಟಾ ಕೇಳಿ. 5 ಲೀಟರ್ ಇದ್ದರೆ ಎಷ್ಟು ಮಕ್ಕಳಿಗೆ ಬರುತ್ತದೆ? 33 ಮಕ್ಕಳಿಗೆ ಕೊಟ್ಟ ಮೇಲೆ 50 ಮಿ.ಲೀ. ಉಳಿಯುತ್ತದೆ. ಆ ಉಳಿದ 50ನ್ನು ಏನು ಮಾಡೋಣ ಅಂತ ಕೇಳಿದರೆ ಶೇಷ ಅನ್ನುವ ಮಾತಿಗೆ ಮಕ್ಕಳಿಗೆ ಮೊದಲ ಸಲ ಅರ್ಥ ಸಿಗುತ್ತದೆ. 34ನೇ ಮಗುವಿಗೆ ಲೋಟ ತುಂಬುವುದಿಲ್ಲ.

ಒಂದು ದಿನ ಮಳೆ ಜಾಸ್ತಿ ಇದ್ದು 52 ಮಕ್ಕಳು ಮಾತ್ರ ಬಂದಿದ್ದರು. ಬಿಸಿಯೂಟದ ಅಕ್ಕ ಹಾಲಿಗೆ ನೀರು ಎಷ್ಟು ಇಡಲಿ ಅಂತ ಬಾಗಿಲಲ್ಲಿ ನಿಂತು ಕೇಳಿದರು. 250 ಬರೆದಿದ್ದ ಹುಡುಗಿ ಎದ್ದು, ಗೋಡೆಗೆ ಮುಖ ಮಾಡಿ ಬೆರಳಲ್ಲಿ ಏನೋ ಬರೆದುಕೊಂಡಳು. "ಏಳು ಲೀಟರ್ ಎಂಟ್ನೂರು ಅಕ್ಕಾ." ಗೀಟು ಹಾಕಿದ ಬಾಟಲಿಯನ್ನು ಹತ್ತನೇ ಗೀಟಿನವರೆಗೆ ತುಂಬಿ ಪಾತ್ರೆಗೆ ಏಳು ಸಲ ಸುರಿದಳು. ಎಂಟನೇ ಸಲ ಬಾಟಲಿಯನ್ನು ಕಟ್ಟೆ ಮೇಲಿಟ್ಟು, ಮಂಡಿಯೂರಿ, ಕಣ್ಣನ್ನು 800ರ ಗೀಟಿಗೆ ಸಮ ಹಿಡಿದಳು. ಸ್ವಲ್ಪ ಜಾಸ್ತಿ ಇತ್ತು. ಒಂದು ಮುಚ್ಚಳದಷ್ಟು ಹೊರಗೆ ಚೆಲ್ಲಿ, ಇನ್ನೊಂದು ಸಲ ಬಗ್ಗಿ ನೋಡಿ, ಆಮೇಲೆ ಸುರಿದಳು.